ಹೆಬ್ಬೆಟ್ಟಿನ ಮೇಲಿನ ಸಾಲು

ಕೆಂಗೇರಿ
೨೨ ಸೆಪ್ಟೆಂಬರ್ ೧೯೫೭

ಮುನಿರಾಜನಿಗೆ,

ಅಪ್ಪ ಬರೆಯೋದು. ನಾನು ಚೆನ್ನಾಗಿದ್ದೇನೆ. ತೋಟದಲ್ಲಿ ಸೀಬೆ ಹಣ್ಣು ಬಿಟ್ಟಿದೆ, ಗಿಣಿಗಳ ಕಾಟ ಜಾಸ್ತಿ. ದಿನವೆಲ್ಲ ಡಬ್ಬ ಬಡೀತಾ ಕೂತಿರ್ತೀನಿ. ಅಕ್ಷರ ಸೊಟ್ಟ ಇದೆ ಅಂತ ನಗಬೇಡ. ಹದಿನಾರು ವರ್ಷ ಆದರೂ ಎಡಗೈ ಪೂರ್ತಿ ಪಳಗಿಲ್ಲ.

ಪೋಸ್ಟಿನ ಜಂಬಣ್ಣ ನಿನ್ನೆ ಕೇಳಿದ, "ನಿನ್ ಮಗ ಬಿ.ಎ. ಓದವ್ನೆ ಅಂತೀಯಲ್ಲ, ರಾಜಾಜಿನಗರದ ಡಬ್ಬಿ ಕಾರ್ಖಾನೇಲಿ ಅವ್ನೇನ್ ಮಾಡ್ತಾನಪ್ಪ? ನೀನಿಲ್ಲಿ ಡಬ್ಬ ಬಡಿ, ಅವ್ನಲ್ಲಿ ಬಡೀಲಿ" ಅಂತ. ನಾನು ನಕ್ಕೆ. ಆದರೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನೀನು ಸೇರಿ ನಾಲ್ಕು ವರ್ಷ ಆಯಿತು. ಏನು ಕೆಲಸ ಮಾಡ್ತೀಯ, ಏನು ಕಲಿತೆ, ಬರೆ. ಎದುರಿಗೆ ಬಂದಾಗ ನಾನೂ ಕೇಳಲ್ಲ, ನೀನೂ ಹೇಳಲ್ಲ.

ದೊಡ್ಡಹನುಮಯ್ಯ


ರಾಜಾಜಿನಗರ
೬ ಅಕ್ಟೋಬರ್ ೧೯೫೭

ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ರೈಲಿನಲ್ಲಿ ಅರ್ಧ ಗಂಟೆ ದೂರವಿರುವ ತಂದೆಯ ಜೊತೆ ಅಂಚೆಯಲ್ಲಿ ಮಾತಾಡುವುದು ವಿಚಿತ್ರವೇ. ಆದರೆ ನೀವು ಬರೆದದ್ದು ನಿಜ. ಎದುರು ಕುಳಿತರೆ ನಾವಿಬ್ಬರೂ ಸೀಬೆ ಹಣ್ಣಿನ ವಿಷಯ ಬಿಟ್ಟು ಬೇರೇನೂ ಆಡುವುದಿಲ್ಲ.

ಜಂಬಣ್ಣನಿಗೆ ಹೇಳಿ, ನಾನು ಡಬ್ಬಿ ಬಡಿಯುವುದಿಲ್ಲ. ಬಿಸ್ಕತ್ತು, ಕಾಫಿಪುಡಿ ತುಂಬುವ ತಗಡಿನ ಡಬ್ಬಿಗಳನ್ನು ಪ್ರೆಸ್ಸುಗಳು ಒತ್ತುತ್ತವೆ, ನಾನು ಪಕ್ಕದ ಆಫೀಸಿನಲ್ಲಿ ಕುಳಿತು ಬರೆಯುತ್ತೇನೆ. ರಜೆ ಚೀಟಿ, ಹಾಜರಿ, ಇಲಾಖೆಗಳಿಗೆ ಉತ್ತರ. ಇವುಗಳಲ್ಲಿ ನನಗೆ ಹಿಡಿಸಿದ ಕೆಲಸ ಒಂದೇ. ಯಾರಿಗಾದರೂ ಯಂತ್ರದಿಂದ ಪೆಟ್ಟಾದರೆ ಅವರ ಹೇಳಿಕೆಯನ್ನು ಬರೆದುಕೊಳ್ಳುವುದು. ಹೆಚ್ಚಿನವರಿಗೆ ಓದು ಬರಹ ಬಾರದು. ಅವರು ಹೇಳಿದ್ದನ್ನು ಅವರೇ ಬರೆದಂತೆ "ನಾನು" ಎಂದು ಬರೆದು ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇನೆ. ಬರೆಯುವ ಮುಂಚೆ ಒಂದು ಲೋಟ ಕಾಫಿ ತರಿಸಿಕೊಡುತ್ತೇನೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಇಟ್ಟುಕೊಂಡ ಪದ್ಧತಿ. ನೋವಿನಲ್ಲಿರುವವರ ಮುಂದೆ ಬರೀ ಕಾಗದ ಹಿಡಿದು ಕೂರಲು ಮನಸ್ಸು ಬರುವುದಿಲ್ಲ.

ಹಿಂದಿನ ಗುಮಾಸ್ತರು ಬರೆದ ಹೇಳಿಕೆಗಳು ಒರಟಾಗಿದ್ದವು. ಕೊನೆಯ ಸಾಲನ್ನು ನಾನೇ ತಿದ್ದಿ ತೀಡಿದೆ: "ಈ ಅಪಘಾತಕ್ಕೆ ನನ್ನ ಅಜಾಗರೂಕತೆಯೇ ಹೊರತು ಬೇರೆ ಯಾರೂ ಕಾರಣರಲ್ಲವೆಂದು ಮನಃಪೂರ್ವಕವಾಗಿ ತಿಳಿಸುತ್ತೇನೆ." ಮ್ಯಾನೇಜರ್ ಲಕ್ಷ್ಮೀಪತಿಯವರು ಓದಿ, "ಸಾಹಿತ್ಯ ಓದಿದವರು ಬೇಕು ಅನ್ನೋದು ಇದಕ್ಕೇ ಕಣ್ರೀ" ಎಂದರು. ಆ ದಿನವೆಲ್ಲ ನಾನು ಸಂತೋಷವಾಗಿದ್ದೆ.

ಏನು ಕಲಿತೆ ಎಂದು ಕೇಳಿದಿರಿ. ಮೇಲಿನವರು ಅರ್ಧ ವಾಕ್ಯ ಹೇಳುತ್ತಾರೆ, ಉಳಿದರ್ಧವನ್ನು ನಾವೇ ಪೂರ್ತಿ ಮಾಡಿಕೊಳ್ಳಬೇಕು. ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ ಬರಬಾರದು. ಮೇಜು ಎಂದೂ ಖಾಲಿ ಕಾಣಬಾರದು. ಮೊದಲನೆಯದು ಕಷ್ಟವಾಯಿತು. ಎರಡನೆಯದು ನನ್ನ ಸ್ವಭಾವವೇ ಆದ್ದರಿಂದ ಕಲಿಯಬೇಕಾಗಲಿಲ್ಲ.

ಈ ಸಲದ ಆಯುಧಪೂಜೆ ಚೆನ್ನಾಗಿ ಆಯಿತು. ಬೆಟ್ಟಯ್ಯ ಮೇಸ್ತ್ರಿ ಎಲ್ಲ ಯಂತ್ರಗಳನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ಬಾಳೆಕಂದು ಕಟ್ಟಿಸಿದರು. ದೊಡ್ಡ ಪ್ರೆಸ್ಸಿನ ಮುಂದೆ ಕೈ ಒಳಗೆ ಹೋಗದ ಹಾಗೆ ಕಬ್ಬಿಣದ ಜಾಲರಿಯೊಂದಿದೆ. ಅದನ್ನು ಬಿಚ್ಚಿ, ತೊಳೆದು, ಅರಿಸಿನ ಕುಂಕುಮ ಹಚ್ಚಿ ದೇವಿಯ ಪಟದ ಕೆಳಗೆ ಇಟ್ಟರು. ಕೊನೆಯಲ್ಲಿ ಸೇವಂತಿಗೆ ಹಾರವೊಂದು ಉಳಿಯಿತು. "ಏನಾದ್ರೂ ಮಾಡಿ ಗುಮಾಸ್ತರೇ, ಬರೀ ನೋಡ್ತಾ ನಿಂತಿದೀರಲ್ಲ" ಎಂದು ನನ್ನ ಕೈಗೆ ಕೊಟ್ಟರು. ದಾರ ಸಿಗದೆ, ಕಡತ ಕಟ್ಟುವ ಕೆಂಪು ಪಟ್ಟಿಯಿಂದಲೇ ಆ ಹಾರವನ್ನು ಜಾಲರಿಗೆ ಕಟ್ಟಿದೆ. ಮಾರನೆಯ ದಿನ ಜಾಲರಿಯನ್ನು ಯಂತ್ರಕ್ಕೆ ಹಾಕಲಿಲ್ಲ. "ತಾಯಿ ಮುಂದೆ ಇಟ್ಟದ್ದನ್ನ ಮತ್ತೆ ಗ್ರೀಸಿಗೆ ಹಾಕಾದಾ? ಇರ್ಲಿ, ಹೊಸದು ಮಾಡಿಸ್ತಾರೆ" ಎಂದು ಬೆಟ್ಟಯ್ಯ ಅದನ್ನು ಪಟದ ಪಕ್ಕದ ಗೋಡೆಗೆ ತೂಗುಹಾಕಿದರು. ಕೆಲಸ ಶುರು ಮಾಡುವ ಮುಂಚೆ ಎಲ್ಲರೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನನ್ನ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ.

ಆ ಪ್ರೆಸ್ಸಿನಲ್ಲಿ ಕೆಲಸ ಮಾಡುವವರು ಚಿಕ್ಕಗಂಗಮ್ಮ ಎಂಬ ಕೇತಮಾರನಹಳ್ಳಿಯ ಹೆಂಗಸು. ಕಾರ್ಖಾನೆ ನಿಂತಿರುವುದು ಅವರ ರಾಗಿ ಹೊಲದ ಮೇಲಂತೆ. ನನ್ನನ್ನು ಕಂಡಾಗಲೆಲ್ಲ, "ಏನ್ ಗುಮಾಸ್ತಪ್ಪೋರೇ, ನೆಲದಾಗೆ ಏನ್ ಕಳ್ಕಂಡ್ರಿ, ಯಾವಾಗ್ಲೂ ಬಗ್ಗಿ ಹುಡುಕ್ತಿರ್ತೀರಿ? ಅಲ್ಲಿ ಬರೀ ನಮ್ ರಾಗಿ ಕೂಳೆ ಅವೆ" ಎನ್ನುತ್ತಾರೆ. ನಾನು ಉತ್ತರ ಯೋಚಿಸುವಷ್ಟರಲ್ಲಿ ಅವರು ಹೋಗಿರುತ್ತಾರೆ.

ನಿಮ್ಮ ಮಗ,
ಮುನಿರಾಜು


ರಾಜಾಜಿನಗರ
೧೨ ಜನವರಿ ೧೯೫೮

ಅಪ್ಪನಿಗೆ,

ಮೂರು ತಿಂಗಳಾದರೂ ನನ್ನ ಕಾಗದಕ್ಕೆ ಉತ್ತರವಿಲ್ಲ. ದೀಪಾವಳಿಗೆ ಬಂದಾಗಲೂ ಅದರ ಮಾತೆತ್ತಲಿಲ್ಲ. ಬರೆಯಲು ನೀವೇ ಕೇಳಿದ್ದಿರಿ. ಓದಿ ಏನನ್ನಿಸಿತೋ ತಿಳಿಯಲಿಲ್ಲ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡ ಪ್ರೆಸ್ಸಿನ ಸದ್ದು ನಿಂತಿತು. ಆ ಸದ್ದು ಎಷ್ಟು ಅಭ್ಯಾಸವಾಗಿದೆಯೆಂದರೆ ಅದು ನಿಂತಾಗಲೇ ನಮಗೆ ಕೇಳಿಸುವುದು. ತಲೆಯೆತ್ತಿ ಕಿಟಕಿಯಲ್ಲಿ ನೋಡಿದೆ. ಚಿಕ್ಕಗಂಗಮ್ಮ ಯಂತ್ರದ ಮುಂದೆ ನೆಟ್ಟಗೆ ನಿಂತಿದ್ದರು. ಕೂಗಲಿಲ್ಲ. ತಮ್ಮ ಬಲಗೈಯನ್ನು ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದರು. ಆಮೇಲೆ, "ಇದ್ಯಾರ್ ಬಳೆ?" ಎಂದರು. ಅವರ ಬಳೆ ತಗಡಿನ ಮೇಲೆ ಚೂರಾಗಿ ಬಿದ್ದಿತ್ತು.

ನಾಲ್ಕು ಬೆರಳು ಹೋದವು. ಹೆಬ್ಬೆಟ್ಟು ಮಾತ್ರ ಉಳಿದಿದೆ.

ಮಧ್ಯಾಹ್ನ ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಕರೆತಂದರು. ನಾನು ಕಾಫಿ ತರಿಸಿಕೊಟ್ಟೆ. ಎಡಗೈಯಲ್ಲಿ ಲೋಟ ಹಿಡಿಯಲು ಬಾರದೆ ಸೀರೆಯ ಮೇಲೆ ಚೆಲ್ಲಿಕೊಂಡರು, ನಾನೇ ಲೋಟ ಹಿಡಿದು ಕುಡಿಸಿದೆ. ಹೇಳಿಕೆ ಬರೆಯುವಾಗ ಲಕ್ಷ್ಮೀಪತಿಯವರು ಬಾಗಿಲಲ್ಲಿ ನಿಂತು, "ಜಾಲರಿ ವಿಷಯಾನೂ ಹಾಕಿಬಿಡಿ" ಎಂದು ಹೋದರು. ಬರೆದೆ. ಹೆಬ್ಬೆಟ್ಟು ಒತ್ತಿಸಿಕೊಂಡೆ. ಕೆಲಸ ಮುಗಿಯಿತು.

ಎರಡು ದಿನದಿಂದ ಊಟ ಸೇರುತ್ತಿಲ್ಲ. ರಕ್ತ ನೋಡಿದ್ದಕ್ಕಿರಬಹುದು.

ಮುನಿರಾಜು


ಕೆಂಗೇರಿ
೧೭ ಜನವರಿ ೧೯೫೮

ಮುನಿರಾಜ,

ಬರೆದದ್ದನ್ನ ಆ ಯಮ್ಮನಿಗೆ ಓದಿ ಹೇಳಿದೆಯಾ?

ದೊ. ಹನುಮಯ್ಯ


ರಾಜಾಜಿನಗರ
೨೨ ಜನವರಿ ೧೯೫೮

ಅಪ್ಪನಿಗೆ,

ಮೂರು ತಿಂಗಳ ಮೌನದ ಮೇಲೆ ಒಂದು ಕಾರ್ಡು, ಅದರಲ್ಲಿ ಒಂದು ಸಾಲು. ಜಂಬಣ್ಣನೂ ಓದಿರಬೇಕು.

ಇಲ್ಲ, ಓದಿ ಹೇಳಲಿಲ್ಲ. ಅದು ಪದ್ಧತಿಯಲ್ಲ. ಕೈ ಕಳೆದುಕೊಂಡು ಬಂದವರ ಮುಂದೆ ಒಂದು ಪುಟ ಓದುತ್ತಾ ಕೂರುವುದು ಕ್ರೌರ್ಯ. ನನ್ನ ಕೆಲಸ ನನಗೆ ಗೊತ್ತಿದೆ. ಅಜಾಗರೂಕತೆಯಿಂದ ಏನಾಗುತ್ತದೆ ಎಂಬುದನ್ನು ನಾನು ಕಾರ್ಖಾನೆಗೆ ಬಂದು ಕಲಿಯಬೇಕಾಗಿರಲಿಲ್ಲ. ಎಂಟನೆಯ ವಯಸ್ಸಿನಿಂದ ಮನೆಯಲ್ಲೇ ಕಂಡಿದ್ದೇನೆ. ಕೆಂಗೇರಿ ಸ್ಕೂಲಿನಲ್ಲಿ ನನ್ನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಣ್ಣೆ ಗಿರಣಿಗೆ ಕುಡಿದು ಹೋಗಿ ಕೈ ಕಳಕೊಂಡವನ ಮಗ ಎಂದೇ ಕರೆಯುತ್ತಿದ್ದರು. ನಾನು ಎಂದಾದರೂ ನಿಮ್ಮನ್ನು ಒಂದು ಮಾತು ಕೇಳಿದ್ದೇನೆಯೇ?

ಈಗಲೂ ಕೇಳುವುದಿಲ್ಲ. ನೀವೂ ನನ್ನನ್ನು ಕೇಳಬೇಡಿ.

ಮುನಿರಾಜು


ಕೆಂಗೇರಿ
೨ ಫೆಬ್ರವರಿ ೧೯೫೮

ಮುನಿರಾಜ,

ಇದರ ಜೊತೆ ಒಂದು ಹಳೇ ಕಾಗದ ಇಟ್ಟಿದ್ದೇನೆ. ಮಡಿಕೆ ಹರಿದಿದೆ, ಹುಷಾರಾಗಿ ಬಿಚ್ಚು. ನಿಮ್ಮವ್ವನ ಪೆಟ್ಟಿಗೆ ತಳದಲ್ಲಿತ್ತು. ಮೊದಲು ಅದನ್ನ ಓದಿ ಆಮೇಲೆ ಇದನ್ನ ಓದು.

ಓದಿದೆಯಾ.

"ಸದರಿ ದಿನ ನಾನು ಮದ್ಯಪಾನ ಮಾಡಿ ಕೆಲಸಕ್ಕೆ ಬಂದಿದ್ದೆನು" ಅಂತ ಇದೆಯಲ್ಲ, ಅದು ನನ್ನ ಮಾತಲ್ಲ. ಆ ದಿನ ಬೆಳಿಗ್ಗೆ ನಿಮ್ಮವ್ವ ಕೊಟ್ಟ ರಾಗಿ ಅಂಬಲಿ ಕುಡಿದು ಹೋಗಿದ್ದೆ. ಗಿರಣಿ ಬೆಲ್ಟು ಹರಿದು ಬಂತು, ಬಲಗೈ ಎಳಕೊಂಡಿತು. ಮೂರು ಬೆರಳು. ಅಷ್ಟೇ ನಡೆದದ್ದು.

ಗಿರಣಿ ಗುಮಾಸ್ತರು ಹೇಳಿಕೆ ಬರೆದುಕೊಂಡರು. ನನಗೆ ಓದಕ್ಕೆ ಬರ್ತಿತ್ತು. ಐದನೇ ಕ್ಲಾಸು ಮಾಡಿದ್ದೆ, ಗಿರಣಿಯಲ್ಲಿ ಎಲ್ಲರ ಕಾಗದ ನಾನೇ ಓದಿ ಹೇಳ್ತಿದ್ದೆ. ಆದರೆ ಬಲಗೈ ಬಟ್ಟೆಯಲ್ಲಿತ್ತು, ರುಜು ಹಾಕಕ್ಕೆ ಆಗ್ತಿರಲಿಲ್ಲ. ಎಡಗೈ ಹೆಬ್ಬೆಟ್ಟು ಸಾಕು ಅಂದರು. ಎರಡು ಪ್ರತಿ ಮೇಲೂ ಒತ್ತಿದೆ. ಓದಿ ನೋಡಬೇಕು ಅಂತ ಅನ್ನಿಸಲಿಲ್ಲ, ಯಾಕಂದರೆ ಬರೆದುಕೊಂಡವರು ಒಳ್ಳೇ ಮನುಷ್ಯರು. ಕಾಫಿ ತರಿಸಿಕೊಟ್ಟಿದ್ದರು. ತಾವೇ ಲೋಟ ಹಿಡಿದಿದ್ದರು.

ಎಂಟು ದಿನ ಆದ ಮೇಲೆ ಕೆಲಸದಿಂದ ತೆಗೆದ ಕಾಗದದ ಜೊತೆ ಎರಡನೇ ಪ್ರತಿ ಬಂತು, ಅದೇ ಇದು. ಆವಾಗ ಓದಿದೆ. ಹೋಗಿ ಕೇಳಿದೆ. "ಹೆಬ್ಬೆಟ್ಟು ನಿಮ್ಮದೇ ತಾನೆ?" ಅಂದರು. ನನ್ನದೇ.

ಊರಿಗೆಲ್ಲ ಹೆಂಗೆ ಗೊತ್ತಾಯಿತೋ ನನಗೆ ಗೊತ್ತಿಲ್ಲ. ನಿಮ್ಮವ್ವ ಒಬ್ಬಳಿಗೆ ನಿಜ ಗೊತ್ತಿತ್ತು. ನಿನಗೆ ಹೇಳೋಣ ಅಂದಳು. ನಾನೇ ಬೇಡ ಅಂದೆ. ಓದೋ ಹುಡುಗ, ಅಚ್ಚಾದ ಮಾತನ್ನ ನಂಬ್ತಾನೆ, ಅಪ್ಪನ ಬಾಯಿಮಾತು ನಂಬದಿದ್ದರೆ ಏನು ಮಾಡೋದು ಅಂತ ಭಯ ಇತ್ತು. ಅವಳು ತೀರಿಕೊಂಡ ಮೇಲೆ ಹೇಳೋರು ಯಾರೂ ಉಳಿಯಲಿಲ್ಲ.

ಇನ್ನೊಂದು ಸಲ ಹೆಬ್ಬೆಟ್ಟು ಒತ್ತಬಾರದು ಅಂತ ಎಡಗೈಯಲ್ಲಿ ಬರೆಯೋದು ಕಲಿತೆ. ನೀನು ಪಾಟಿ ಮೇಲೆ ತಿದ್ದಿ ಮಲಗಿದ ಮೇಲೆ ಅದೇ ಪಾಟಿ ಮೇಲೆ.

ಅಕ್ಟೋಬರಿನಲ್ಲಿ ನೀನು ಕಾಫಿ ವಿಷಯ ಬರೆದಿದ್ದೆಯಲ್ಲ, ಆವಾಗಿನಿಂದ ಉತ್ತರ ಬರೆಯಕ್ಕೆ ಆಗಲಿಲ್ಲ.

ಆ ಗುಮಾಸ್ತರು ಕೆಟ್ಟವರಲ್ಲ. ಅದೇ ನನಗೆ ಇವತ್ತಿಗೂ ಅರ್ಥವಾಗದ್ದು.

ದೊಡ್ಡಹನುಮಯ್ಯ


ರಾಜಾಜಿನಗರ
೧೬ ಫೆಬ್ರವರಿ ೧೯೫೮

ಅಪ್ಪ,

ನಿಮ್ಮ ಕಾಗದ ಬಂದು ಹನ್ನೆರಡು ದಿನವಾಯಿತು. ಮೂರು ಸಲ ಉತ್ತರ ಶುರುಮಾಡಿ ಹರಿದೆ. ನನ್ನ ಜನವರಿಯ ಕಾಗದವನ್ನು ನೀವು ಹರಿದುಹಾಕಿದ್ದರೆ ಸರಿ. ಇಟ್ಟುಕೊಂಡಿದ್ದರೆ ಅದೂ ಸರಿ.

ನಿಮ್ಮ ಹಳೆಯ ಕಾಗದವನ್ನು ಮೊದಲು ಗುಮಾಸ್ತನ ಕಣ್ಣಿನಿಂದಲೇ ಓದಿದೆ. ಅದನ್ನು ನಿಮಗೆ ಹೇಳಲೇಬೇಕು. ಭಾಷೆ ಒರಟು, ಕೊನೆಯ ಸಾಲು ಸಡಿಲ ಎಂದುಕೊಂಡೆ. ಆಮೇಲೆ ಹೆಬ್ಬೆಟ್ಟಿನ ಗುರುತು ನೋಡಿದೆ. ಅದರ ನಡುವೆ ಅಡ್ಡಕ್ಕೆ ಒಂದು ಗೀರು. ಹುಣಸೆ ಸೌದೆ ಸೀಳುವಾಗ ನಿಮಗಾದ ಗಾಯದ ಗುರುತು. ಚಿಕ್ಕವನಿದ್ದಾಗ ನಾನು ಬೆರಳಿಟ್ಟು ಆಡುತ್ತಿದ್ದ ಗೀರು.

ಮಾರನೆಯ ದಿನ ಆಫೀಸಿನಲ್ಲಿ ಅಪಘಾತದ ಕಡತ ತೆಗೆದೆ. ನಾನು ಬಂದ ಮೇಲಿನ ಹೇಳಿಕೆಗಳು ಹನ್ನೊಂದು. ಸಾಲಾಗಿ ಇಟ್ಟು ಓದಿದೆ. ಹನ್ನೊಂದು ಜನ, ಹೆಂಗಸರು, ಗಂಡಸರು, ತಮಿಳು ಮನೆಮಾತಿನವರು, ಹಳ್ಳಿಯವರು. ಎಲ್ಲರೂ ಒಬ್ಬನೇ ಮನುಷ್ಯನ ಹಾಗೆ ಮಾತಾಡಿದ್ದಾರೆ. ಎಲ್ಲರೂ ಮನಃಪೂರ್ವಕವಾಗಿ ತಿಳಿಸಿದ್ದಾರೆ. ಆ ಮನುಷ್ಯ ನಾನು. ಅವರಲ್ಲಿ ಆರು ಜನ ಈಗ ಕಾರ್ಖಾನೆಯಲ್ಲಿಲ್ಲ. ಎಲ್ಲಿ ಹೋದರೆಂದು ನಾನು ಎಂದೂ ವಿಚಾರಿಸಿರಲಿಲ್ಲ.

ಹನ್ನೊಂದನೆಯದು ಚಿಕ್ಕಗಂಗಮ್ಮನವರದು. ಅದರಲ್ಲಿ ನಾನು ಬರೆದದ್ದು ಇದು: "ಕೆಲಸದ ಅನುಕೂಲಕ್ಕಾಗಿ ಯಂತ್ರದ ಜಾಲರಿಯನ್ನು ನಾನೇ ಬಿಚ್ಚಿ ಇಟ್ಟಿದ್ದೆನು." ಅಪ್ಪ, ಬಿಚ್ಚಿದವರು ಬೆಟ್ಟಯ್ಯ. ಬಿಚ್ಚಿದ್ದನ್ನು ನಾನು ಕಂಡಿದ್ದೆ. ಅದಕ್ಕೆ ಹಾರ ಕಟ್ಟಿದವನು ನಾನು. ಮೂರು ತಿಂಗಳು ಪ್ರತಿದಿನ ಕಿಟಕಿಯಿಂದ ಅದನ್ನು ಗೋಡೆಯ ಮೇಲೂ, ಚಿಕ್ಕಗಂಗಮ್ಮನವರ ಕೈಯನ್ನು ಬರಿಯ ಯಂತ್ರದ ಕೆಳಗೂ ನೋಡಿದ್ದೇನೆ. ಅದನ್ನೂ ಇದನ್ನೂ ಕೂಡಿಸಿ ಯಾರಿಗೂ ಒಂದು ಮಾತು ಹೇಳಲಿಲ್ಲ. ಲಕ್ಷ್ಮೀಪತಿಯವರು ಸುಳ್ಳು ಬರೆಯಿರಿ ಎಂದು ಹೇಳಿಲ್ಲ. ಅವರು ಅರ್ಧ ವಾಕ್ಯ ಹೇಳಿದರು. ಉಳಿದರ್ಧ ನಾನು ಪೂರ್ತಿ ಮಾಡಿದೆ.

ಕಳೆದ ಭಾನುವಾರ ಹೇಳಿಕೆಯ ನಕಲು ತೆಗೆದುಕೊಂಡು ಕೇತಮಾರನಹಳ್ಳಿಗೆ ಹೋದೆ. ಚಿಕ್ಕಗಂಗಮ್ಮ ಜಗಲಿಯ ಮೇಲೆ ಕುಳಿತು ಎಡಗೈಯಲ್ಲಿ ಅವರೆಕಾಯಿ ಸುಲಿಯಲು ನೋಡುತ್ತಿದ್ದರು. ಅತ್ತೆ ಅಕ್ಕಯ್ಯಮ್ಮ ಒಳಗಿನಿಂದಲೇ, "ಯಾರೇ ಅದು? ಕಾರ್ಖಾನೆಯೋರಾ? ಕೇಳು ಅವ್ರನ್ನೇ. ಪೂಜೆ ಮಾಡಿದ್ ಜಾಲರೀನ ಕಿತ್ತಾಕ್ದೋಳ್ನ ತಾಯಿ ಸುಮ್ನೆ ಬಿಟ್ಟಾಳಾ" ಎಂದರು. ಊರೆಲ್ಲ ಹಾಗೇ ಆಡಿಕೊಳ್ಳುತ್ತಿದೆಯಂತೆ. ಗಂಡನೂ ಮಾತು ಬಿಟ್ಟಿದ್ದಾರಂತೆ.

"ನಾನು ಕಿತ್ತೆ ಅಂತ ಯಾರ್ ಅಂದದ್ದು ಗುಮಾಸ್ತಪ್ಪೋರೇ?" ಎಂದು ಚಿಕ್ಕಗಂಗಮ್ಮ ಕೇಳಿದರು. "ಒಂದ್ ತಿಂಗ್ಳಿಂದ ಯೋಚ್ನೆ ಮಾಡ್ತಾ ಇವ್ನಿ. ನಂಗೇ ಅನುಮಾನ ಬಂದ್‌ಬುಟ್ಟೈತೆ. ನಾನೇ ಏನಾರ ಕಿತ್ತಿದ್ನಾ ಅಂತ."

ನಾನು ಕಾಗದ ತೆಗೆದು ಓದಿದೆ. ಪೂರ್ತಿ ಓದಿದೆ, ಕೊನೆಯ ಸಾಲಿನವರೆಗೆ. ಅವರು ಅವರೆಕಾಯಿ ಕೆಳಗಿಟ್ಟು ಕೇಳಿದರು.

"ಇದನ್ನ ನಾನ್ ಅಂದ್ನಾ?"

"ಇಲ್ಲ. ನಾನು ಬರೆದೆ."

ಬೈಯಬಹುದೆಂದು ಕಾದೆ. "ಕಾಫಿ ಕುಡಿಸ್ದಲ್ಲಪ್ಪ ನೀನು" ಎಂದರು. ಅಷ್ಟೇ. ನಿಮ್ಮ ಕಾಗದ ನನ್ನ ಜೇಬಿನಲ್ಲಿತ್ತು.

ಮಾರ್ಚ್ ಹತ್ತಕ್ಕೆ ಸರ್ಕಾರದ ಕಡೆಯಿಂದ ತನಿಖೆಯ ಅಧಿಕಾರಿ ಬರುತ್ತಾರೆ. ಆ ಹೇಳಿಕೆ ಹಾಗೇ ನಿಂತರೆ ಚಿಕ್ಕಗಂಗಮ್ಮನವರಿಗೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಹೆಸರು ಅಂತೂ ಆಗಲೇ ಹೋಗಿದೆ. ನಾನು ಎದ್ದುನಿಂತು ಹೇಳಬೇಕು. ನಾಲ್ಕು ಜನರ ಮುಂದೆ ನಾನು ಮಾತಾಡಿದ್ದು ನಿಮಗೆ ನೆನಪಿದೆಯೇ? ನನಗಿಲ್ಲ.

ಮುನಿರಾಜು


ರಾಜಾಜಿನಗರ
೧೩ ಮಾರ್ಚ್ ೧೯೫೮

ಅಪ್ಪ,

ಸೋಮವಾರ ನಡೆದದ್ದನ್ನು ನಡೆದ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ಈಗ ಅದೂ ಕಷ್ಟವಾಗಿದೆ. ಪ್ರತಿ ವಾಕ್ಯದ ಕೊನೆಯಲ್ಲೂ ನಿಂತು ಇದು ಯಾರ ಮಾತು ಎಂದು ನೋಡಿಕೊಳ್ಳುತ್ತೇನೆ.

ಲಕ್ಷ್ಮೀಪತಿಯವರ ಕೋಣೆಯಲ್ಲಿ ಅಧಿಕಾರಿ ಕುಳಿತಿದ್ದರು. ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ. ಹೇಳಿಕೆಯನ್ನು ಗಟ್ಟಿಯಾಗಿ ಓದಿ, "ಇದು ನೀವು ಹೇಳಿದ್ದೇನಮ್ಮ?" ಎಂದರು.

ಚಿಕ್ಕಗಂಗಮ್ಮ, "ಇಷ್ಟು ಚಂದಾಗಿ ಮಾತಾಡಾಕೆ ನಂಗೆ ಬರಾಕಿಲ್ಲ ಸ್ವಾಮಿ" ಎಂದರು.

ಅಧಿಕಾರಿ ನಗಲಿಲ್ಲ. ಬೆಟ್ಟಯ್ಯನವರನ್ನು ಕೇಳಿದರು. ಬೆಟ್ಟಯ್ಯ ಗೋಡೆ ನೋಡುತ್ತಾ, "ಯಮ್ಮನೇ ಬಿಚ್ಚಿದ್ದು ಸಾರ್, ಬೇಗ ಕೆಲ್ಸ ಆಗ್ಲಿ ಅಂತ" ಎಂದರು. ಲಕ್ಷ್ಮೀಪತಿಯವರು ಕಡತ ಮುಚ್ಚಲು ಕೈ ಚಾಚಿದರು.

ನಾನು ಬಾಗಿಲ ಬಳಿ ನಿಂತಿದ್ದೆ. ಬಾಯಿ ತೆರೆದೆ, ದನಿ ಬರಲಿಲ್ಲ. ಹೊರಗೆ ಹೋದೆ. ಓಡಿಹೋದೆನೆಂದು ಅವರೆಲ್ಲ ಅಂದುಕೊಂಡಿರಬೇಕು, ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಪ್ರೆಸ್ಸಿನ ಹತ್ತಿರ ಹೋಗಿ ಸ್ಟೂಲು ಹತ್ತಿ ಗೋಡೆಯಿಂದ ಆ ಜಾಲರಿಯನ್ನು ಇಳಿಸಿದೆ. ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡಿದರು. ಅದನ್ನು ಎತ್ತಿಕೊಂಡು ಹೋಗಿ ಅಧಿಕಾರಿಯ ಮೇಜಿನ ಮೇಲೆ ಇಟ್ಟೆ. ಒಣಗಿದ ಸೇವಂತಿಗೆ ಹೇಳಿಕೆಯ ಮೇಲೆಲ್ಲ ಪುಡಿಯಾಗಿ ಉದುರಿತು.

"ಈ ಹಾರ ಕಟ್ಟಿದವನು ನಾನು" ಎಂದೆ. ಮೊದಲ ವಾಕ್ಯ ಬಂದ ಮೇಲೆ ಉಳಿದದ್ದು ಬಂತು. "ಆಯುಧಪೂಜೆಯ ದಿನ. ಇದು ನನ್ನ ಮೇಜಿನ ಕೆಂಪು ಪಟ್ಟಿ, ಇದು ನನ್ನ ಗಂಟು. ಆ ದಿನದಿಂದ ಇದು ಗೋಡೆಯಿಂದ ಇಳಿದಿಲ್ಲ. ಚಿಕ್ಕಗಂಗಮ್ಮ ಇದನ್ನು ಬಿಚ್ಚಲಿಲ್ಲ. ಆ ಹೇಳಿಕೆಯ ಮಾತು ಅವರದಲ್ಲ."

"ಯಾರದು?"

"ನನ್ನದು."

ಅಧಿಕಾರಿ ಕನ್ನಡಕ ತೆಗೆದರು. "ಅಂದರೆ ನೀವು ಸುಳ್ಳು ಬರೆದಿರಿ."

"ಹೌದು."

"ಇದೊಂದೇ ಏನಪ್ಪ?"

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಲಕ್ಷ್ಮೀಪತಿಯವರು ನನ್ನನ್ನೇ ನೋಡುತ್ತಿದ್ದರು. ಹನ್ನೊಂದು ಎಂದೆ.

ಅಧಿಕಾರಿ ಹೊಸ ಹಾಳೆ ತೆಗೆದು, ಚಿಕ್ಕಗಂಗಮ್ಮನವರನ್ನು ಕೇಳಿ ಕೇಳಿ ತಾವೇ ಬರೆದುಕೊಂಡರು. ಒಂದೊಂದು ಸಾಲನ್ನೂ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವರನ್ನು ಪ್ಯಾಕಿಂಗ್ ವಿಭಾಗಕ್ಕೆ ಸೇರಿಸಿಕೊಳ್ಳಬೇಕೆಂದೂ ಪರಿಹಾರದ ಅರ್ಜಿ ನಡೆಯುತ್ತದೆಂದೂ ಹೇಳಿದರು. ಉಳಿದ ಹತ್ತು ಹೇಳಿಕೆಗಳ ಕಡತವನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅದರಿಂದ ಏನಾದರೂ ಆಗುತ್ತದೋ ಇಲ್ಲವೋ ತಿಳಿಯದು.

ನನಗೆ ಮಂಗಳವಾರದಿಂದ ಬರಬೇಡಿ ಎಂದರು. ಲಕ್ಷ್ಮೀಪತಿಯವರು ಅದನ್ನು ಮಾತ್ರ ಪೂರ್ತಿ ವಾಕ್ಯದಲ್ಲಿ ಹೇಳಿದರು.

ಗೇಟಿನ ಹತ್ತಿರ ಬೆಟ್ಟಯ್ಯ ಅಡ್ಡ ಬಂದರು. ಹೊಡೆಯುತ್ತಾರೆಂದುಕೊಂಡೆ. "ನೀವ್ ಬರೆದ್ರಿ, ನಾವ್ ತಲೆ ಅಲ್ಲಾಡ್ಸಿದ್ವಿ. ಈಗ ನೀವೊಬ್ರೇ ಒಳ್ಳೇವ್ರಾದ್ರಿ" ಎಂದರು.

ಬುಧವಾರ ಚಿಕ್ಕಗಂಗಮ್ಮನವರ ಅತ್ತೆ ನನ್ನ ಕೋಣೆ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಸೇರು ಸುಲಿದ ಅವರೆಕಾಳು. "ಅವ್ಳೇ ಸುಲ್ದಿದ್ದು, ಎಡಗೈನಾಗೆ" ಎಂದು ಇಟ್ಟು, ಹೊಸಿಲಲ್ಲಿ ನಿಂತು, "ಹಂಗಾದ್ರೆ ತಾಯಿ ಮುನಿಸ್ಕಂಡಿಲ್ಲ ಅನ್ನಿ" ಎಂದರು. ಇಲ್ಲ ಎಂದೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ೧೯೪೧ರಲ್ಲಿ ಗಿರಣಿಯಲ್ಲಿ ನಡೆದದ್ದನ್ನು, ಫೆಬ್ರವರಿಯ ಕಾಗದದಲ್ಲಿ ನೀವು ಬರೆದ ಮಾತುಗಳಲ್ಲೇ ಹೇಳಿಕೆಯಾಗಿ ಬರೆದಿದ್ದೇನೆ. ಯಾವ ಕಚೇರಿಗೂ ಕೊಡಲು ಅಲ್ಲ. ಆ ಗಿರಣಿಯೂ ಈಗಿಲ್ಲ. ಆದರೂ ಆ ಹಳೆಯ ಕಾಗದವೊಂದೇ ಉಳಿಯಬಾರದು ಅನ್ನಿಸಿತು. ದಯವಿಟ್ಟು ಓದಿ. ನಿಮ್ಮದಲ್ಲದ ಮಾತು ಒಂದಿದ್ದರೂ ಹೊಡೆದುಹಾಕಿ. ಸರಿಯಿದ್ದರೆ ರುಜು ಹಾಕಿ.

ಮುನಿರಾಜು


ಕೆಂಗೇರಿ
೨೧ ಮಾರ್ಚ್ ೧೯೫೮

ಮುನಿರಾಜ,

ಕೆಲಸ ಹೋದದ್ದಕ್ಕೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ನನಗೆ ಹೋದಾಗಲೂ ಯಾರೂ ಏನೂ ಹೇಳಿರಲಿಲ್ಲ. ಮನೆ ಇದೆ, ಅಂಬಲಿ ಇದೆ. ಜಂಬಣ್ಣನಿಗೆ ನಾನೇ ಹೇಳಿದೆ, ನನ್ನ ಮಗ ಡಬ್ಬಿ ಕಾರ್ಖಾನೆ ಬಿಟ್ಟ ಅಂತ. "ಯಾಕಂತೆ?" ಅಂದ. ಕಾಗದ ಓದಿಲ್ವಾ ಅಂದೆ. "ಕಾರ್ಡಾದ್ರೆ ಓದ್ತೀನಿ, ಕವರ್ ಒಡೆಯಲ್ಲ ಕಣಯ್ಯ, ನನಗೂ ಮರ್ಯಾದೆ ಐತೆ" ಅಂದ.

ನೀನು ಬರೆದ ಹಾಳೆ ನಾಲ್ಕು ಸಲ ಓದಿದೆ. ಅಂದವಾಗಿದೆ. ಒಂದು ಸಾಲು ಹೊಡೆದಿದ್ದೇನೆ. "ಇದರಲ್ಲಿ ನನ್ನ ತಪ್ಪೇನೂ ಇರಲಿಲ್ಲ" ಅಂತ ಕೊನೆಗೆ ಬರೆದಿದ್ದೀಯ. ನಾನು ಹಂಗೆ ಅಂದಿರಲಿಲ್ಲ. ನಿನ್ನ ಫೆಬ್ರವರಿ ಕಾಗದ ಬಂದಾಗಿನಿಂದ ಇದನ್ನ ಬರೆಯಬೇಕು ಅಂತಿದ್ದೆ, ಕೈ ಬರಲಿಲ್ಲ.

ಆ ಬೆಲ್ಟಿನ ಹೊಲಿಗೆ ಮೂರು ದಿನದಿಂದ ಬಿಡ್ತಾ ಇತ್ತು. ನಾನು ನೋಡಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಗಿರಣಿ ನಿಲ್ಲಿಸ್ತಾರೆ, ಮೇಸ್ತ್ರಿ ಬೈತಾನೆ, ಇನ್ಯಾರಾದರೂ ಹೇಳಲಿ ಅಂತ ಸುಮ್ಮನಿದ್ದೆ. ಮಧ್ಯಾಹ್ನದ ಪಾಳಿಗೆ ಅದೇ ಜಾಗದಲ್ಲಿ ಮರಿಯಪ್ಪ ನಿಲ್ತಿದ್ದ, ನಿನಗೆ ಗೊತ್ತು, ನಮ್ಮ ಬೀದಿ ಮರಿಯಪ್ಪ. ಎರಡು ಗಂಟೆ ತಡವಾಗಿದ್ದರೆ ಅವನ ಕೈ. ಅವನ ಹತ್ತಿರ ಹೇಳಿಕೆ ಬರೆಸಿಕೊಂಡು, ನನ್ನನ್ನ ಸಾಕ್ಷಿ ಕರೆದಿದ್ದರೆ, ಕುಡಿದಿದ್ದ ಅಂತ ನಾನು ತಲೆ ಅಲ್ಲಾಡಿಸ್ತಿದ್ದೆನೋ ಇಲ್ಲವೋ, ಹದಿನಾರು ವರ್ಷದಿಂದ ಯೋಚನೆ ಮಾಡ್ತಾ ಇದೀನಿ. ಅಲ್ಲಾಡಿಸ್ತಿದ್ದೆ ಅಂತಲೇ ಕಾಣ್ತದೆ.

ಇದನ್ನ ನಿಮ್ಮವ್ವನಿಗೂ ಹೇಳಿರಲಿಲ್ಲ.

ಹೊಡೆದ ಸಾಲಿನ ಜಾಗದಲ್ಲಿ ಇದನ್ನ ಸೇರಿಸಿ ಇನ್ನೊಂದು ಸಲ ಬರೆದು ತಾ. ಅಂಚೆಗೆ ಹಾಕಬೇಡ, ನೀನೇ ತಾ. ನನ್ನ ಎದುರಿಗೆ ಗಟ್ಟಿಯಾಗಿ ಓದು. ಸರಿಯಿದ್ದರೆ ರುಜು ಹಾಕ್ತೀನಿ.

ದೊಡ್ಡಹನುಮಯ್ಯ
(ಎಡಗೈ)